ರಂಪಣಿಯ ಹಗ್ಗ ಮತ್ತು ಹೆಸರು ಕೊರೆಸಿದ ಡಬ್ಬಿ

ಇಷ್ಟೊಂದು ಜನ ದಿನ ಬೆಳಗಾದರೆ ಒಬ್ಬರ ಮೇಲೊಬ್ಬರು ಬೀಳದೆ ಹೇಗೆ ಬದುಕುತ್ತಿದ್ದಾರೆ ಎಂಬ ಪ್ರಶ್ನೆ ನಿಮ್ಮನ್ನು ಕಾಡಿರಲಾರದು. ನಿಮಗೆ ಬೇರೆ ಕೆಲಸವಿರುತ್ತದೆ. ನನಗೆ ಇದೇ ಕೆಲಸ. ಭಟ್ಕಳದಿಂದ ದಿನಾ ಬಸ್ಸು ಹತ್ತಿ ಹೊನ್ನಾವರಕ್ಕೆ ಹೋಗಿ, ಅಲ್ಲಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಹೇಳಿಕೊಡುತ್ತೇನೆ. ಸಮಾಜದ ಸುವ್ಯವಸ್ಥೆ ಹೇಗೆ ಉಳಿಯುತ್ತದೆ ಎಂಬುದರ ಬಗ್ಗೆ ನಮ್ಮ ಪುಸ್ತಕಗಳಲ್ಲಿ ಮೂರು ಪಂಗಡಗಳಿವೆ. ಸಮಾಜ ಒಂದು ದೇಹವಿದ್ದ ಹಾಗೆ, ಎಲ್ಲರೂ ಒಂದೇ ಮೌಲ್ಯವನ್ನು ನಂಬಿ ತಮ್ಮ ತಮ್ಮ ಕೆಲಸ ಮಾಡುವುದರಿಂದ ಅದು ನಿಂತಿದೆ ಎನ್ನುತ್ತಾರೆ ಮೊದಲನೆಯವರು. ಅದೆಲ್ಲ ಕಾಗಕ್ಕ ಗುಬ್ಬಕ್ಕನ ಕತೆ, ಬಲವಿದ್ದವರು ಇಲ್ಲದವರನ್ನು ಅದುಮಿ ಇಟ್ಟಿದ್ದಾರೆ ಅಷ್ಟೇ ಎನ್ನುತ್ತಾರೆ ಎರಡನೆಯವರು. ನೀವಿಬ್ಬರೂ ಆಕಾಶ ನೋಡುತ್ತ ಮಾತಾಡುತ್ತಿದ್ದೀರಿ, ಜನ ಎದುರುಬದುರು ಸಿಕ್ಕಾಗಿನ ನಗು, ನಮಸ್ಕಾರ, ಕೊಡುಕೊಳೆಗಳಲ್ಲಿ ಅದು ದಿನಾ ಹೊಸದಾಗಿ ಹುಟ್ಟುತ್ತದೆ ಎನ್ನುತ್ತಾರೆ ಮೂರನೆಯವರು. ನನಗೋ, ಯಾವ ದಿನ ಯಾರ ಪಾಠವೋ ಆ ದಿನ ಅವರೇ ಸರಿ ಅನ್ನಿಸುತ್ತದೆ. ನಮ್ಮ ಮನೆಯ ಮಟ್ಟಿಗೆ ಮಾತ್ರ ಎರಡನೆಯವರ ಮಾತಿನಲ್ಲಿ ನನಗೆ ಎಂದೂ ಅನುಮಾನ ಬಂದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ತಲೆ ಹಗುರ ಮಾಡಿಕೊಳ್ಳೋಣವೆಂದು ಸ್ಕೂಟರಿನಲ್ಲಿ ತೆಂಗಿನಗುಂಡಿಯ ಕಡಲ ದಂಡೆಗೆ ಹೋಗಿದ್ದೆ. ರಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಕಡಲಿಗೆ ಬಲೆ ಬಳಸಿ ಬರುತ್ತಾರೆ, ಆಮೇಲೆ ಅದರ ಎರಡು ತುದಿಯ ಹಗ್ಗಗಳನ್ನು ದಂಡೆಯಲ್ಲಿ ಎರಡು ಸಾಲು ಜನ ನಿಂತು ಎಳೆಯುತ್ತಾರೆ. ಮುದುಕರು, ಹೆಂಗಸರು, ಲುಂಗಿಯವರು, ಪ್ಯಾಂಟಿನವರು, ಅಂಗಡಿ ತೆರೆಯಲು ಹೊರಟವರು, ಯಾರು ಯಾರೋ ಇದ್ದರು. ಹೀಗೆ ಎಳೆಯಿರಿ ಎಂದು ಹೇಳುವವರು ಒಬ್ಬರೂ ಕಾಣಲಿಲ್ಲ. ಆದರೂ ಎರಡೂ ಸಾಲು ಸಮನಾಗಿ ಹಿಂದೆ ಹಿಂದೆ ಸರಿಯುತ್ತ, ಒಂದಕ್ಕೊಂದು ಹತ್ತಿರವಾಗುತ್ತ ಬಂದವು. ಸಾಲಿನ ಕೊನೆ ಮುಟ್ಟಿದವನು ತಾನಾಗಿ ನೀರಿನಂಚಿಗೆ ನಡೆದುಹೋಗಿ ಮತ್ತೆ ಹಗ್ಗ ಹಿಡಿಯುತ್ತಿದ್ದ. ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಬೋರ್ಡಿನ ಮೇಲೆ ಚಾಕ್‌ಪೀಸು ಸವೆಸಿದ್ದು ಇದನ್ನು ಹೇಳುವುದಕ್ಕೆ ತಾನೇ? ಕಣ್ಣು ತುಂಬಿ ಬಂತು, ಕೈ ಸುಮ್ಮನಿರಲಿಲ್ಲ. ಚಪ್ಪಲಿ ಬಿಟ್ಟು ನಾನೂ ಹೋಗಿ ಹಗ್ಗ ಹಿಡಿದೆ.

ಎಡವಟ್ಟಾದದ್ದು ಅಲ್ಲೇ. ಬಲೆ ದಂಡೆಗೆ ಬಂದ ಮೇಲೆ ಬಲೆಯ ಯಜಮಾನ ಗಣಪತಿ ಮೀನು ಪಾಲು ಮಾಡುತ್ತ ಬಂದು, ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಾರ್ಲೆ ಮೀನು ತುಂಬಿ ನನ್ನ ಕೈಗೂ ಕೊಟ್ಟ. ನಮ್ಮದು ಮೀನು ತಿನ್ನುವ ಮನೆಯಲ್ಲ. ಅಡುಗೆಮನೆಗೆ ಈರುಳ್ಳಿ ಬಂದದ್ದೇ ಬಹಳ ಚರ್ಚೆಯಾದ ಮೇಲೆ. "ಬೇಡ, ನಾನು ಸುಮ್ಮನೆ ಎಳೆದೆ" ಎಂದೆ.

"ಸುಮ್ನೆ ಎಳೆಯೂದು ಅಂದ್ರೆ ಎಂತ ಸರ?" ಎಂದ ಗಣಪತಿ. "ಹಗ್ಗ ಹಿಡ್ದವ್ರಿಗೆ ಪಾಲು ಉಂಟು. ನೀವು ಬಿಟ್ಟು ಹೋದ್ರೆ, ಗಣಪತಿ ಪುಕ್ಕಟೆ ಎಳೆಸ್ದ ಅಂತಾರೆ. ನಾಳಿಗೆ ಹಗ್ಗಕ್ಕೆ ಯಾರ ಬತ್ರು? ತಿನ್ನೂದಿಲ್ಲಾಂದ್ರೆ ತಿನ್ನೂವ್ರಿಗೆ ಕೊಡಿ."

ಒಂದು ಚೀಲ ತಾರ್ಲೆಯಿಂದ ಇಡೀ ತೆಂಗಿನಗುಂಡಿಯ ವ್ಯವಸ್ಥೆ ಕುಸಿಯುವುದಾದರೆ ಅದರ ಪಾಪ ನನಗೆ ಬೇಡವೆಂದು ತೆಗೆದುಕೊಂಡೆ. ತಿನ್ನುವವರು ದೂರವೇನಿಲ್ಲ, ನಮ್ಮ ಪಕ್ಕದ ಮನೆಯ ಖದೀಜಾಬಿ ಇದ್ದಾರೆ. ಅವರಿಗೂ ನನ್ನ ಹೆಂಡತಿ ಸಾವಿತ್ರಿಗೂ ನಡುವೆ ಗೋಡೆಯ ಮೇಲಿಂದ ಪಾತ್ರೆಗಳು ಓಡಾಡುತ್ತಲೇ ಇರುತ್ತವೆ. ಇಲ್ಲಿಂದ ಹಲಸಿನ ಹಪ್ಪಳ ಹೋದರೆ ಅಲ್ಲಿಂದ ಹಣ್ಣು ಬರುತ್ತದೆ. ಕೊಟ್ಟ ಪಾತ್ರೆಯನ್ನು ಖಾಲಿ ಮರಳಿಸಬಾರದು ಎಂಬ ವಿಷಯದಲ್ಲಿ ಎರಡೂ ಮನೆಯ ಶಾಸ್ತ್ರ ಒಂದೇ. ಪ್ಲಾಸ್ಟಿಕ್ ಚೀಲವಾದ್ದರಿಂದ ಮರಳಿಸುವ ಮಾತೇ ಇಲ್ಲ, ಸಾವಿತ್ರಿಗೆ ಗೊತ್ತಾಗುವ ದಾರಿಯೇ ಇಲ್ಲ ಎಂದು ಎಣಿಸಿ, ಚೀಲವನ್ನು ಅವರ ಗೇಟಿನಲ್ಲೇ ದಾಟಿಸಿ, ಹಿತ್ತಲ ನಲ್ಲಿಯಲ್ಲಿ ಸೋಪು ಕರಗುವಷ್ಟು ಕೈ ತೊಳೆದು, ಸಂಭಾವಿತನ ಹಾಗೆ ಬಂದು ಪೇಪರು ಹಿಡಿದು ಕೂತೆ.

ಪೇಪರಿನ ಎರಡನೆಯ ಪುಟಕ್ಕೆ ಬಂದಿದ್ದೆನಷ್ಟೆ. ಖದೀಜಾಬಿ ದೊಡ್ಡ ತಟ್ಟೆಯ ತುಂಬ ಬಾಳೆಹಣ್ಣು ಹಿಡಿದು ಬಂದರು. "ಸಾವಿತ್ರಕ್ಕ, ಮೀನು ಬಹಳ ತಾಜಾ ಇತ್ತು. ನಮ್ಮ ಮನೆಯವ್ರು ಖುಷಿ ಆದ್ರು. ಸರ್ ಸ್ವತಃ ತಂದು ಕೊಟ್ರಲ್ಲ" ಎಂದರು.

ನಾನು ಪೇಪರನ್ನು ಇನ್ನಷ್ಟು ಮೇಲೆ ಎತ್ತಿದೆ. ಸಾವಿತ್ರಿ ಅವರನ್ನು ನಗುನಗುತ್ತ ಬೀಳ್ಕೊಟ್ಟು ಬಂದು, "ಎಂತ ಮೀನು?" ಎಂದು ಎರಡೇ ಶಬ್ದ ಕೇಳಿದಳು. ನಾನು ದೇಹದ ಉಪಮೆಯಿಂದ ಹಿಡಿದು ಹಗ್ಗದವರೆಗೆ ಎಲ್ಲವನ್ನೂ ವಿವರಿಸಿದೆ. ಮೊದಲು ನನ್ನನ್ನು ಸ್ನಾನಕ್ಕೆ ಅಟ್ಟಿದಳು. ಮಿಂದು ಬರುವಷ್ಟರಲ್ಲಿ ಬಾಳೆಹಣ್ಣು ಕಿವುಚಿ ಹಿಟ್ಟು ಕಲಸಿಟ್ಟಿದ್ದಳು. ಸಂಜೆಗೆ ಬನ್ಸ್ ಕರಿದು, ಖದೀಜಾಬಿಯ ತಟ್ಟೆ ತುಂಬಿ ಗೋಡೆ ದಾಟಿಸಿದಳು. ಅಷ್ಟಕ್ಕೆ ಮುಗಿಯಲಿಲ್ಲ. ತವರಿನವರು ಮದುವೆಯಲ್ಲಿ ಅವಳ ಹೆಸರು ಕೊರೆಸಿ ಕೊಟ್ಟ ಸ್ಟೀಲ್ ಡಬ್ಬಿ, ನನ್ನ ಕೈಗೆ ಎಂದೂ ಸಿಗದ ಡಬ್ಬಿ, ಅದರಲ್ಲೂ ಬನ್ಸ್ ತುಂಬಿ ನನ್ನ ಮುಂದಿಟ್ಟಳು.

"ಆ ಬಲೆಯಂವ ಕೊಟ್ಟಿದ್ದು ತಗಂಡು ಸುಮ್ನೆ ಕೂತ್ರೆ ಆಗ್ತಿಲ್ಲೆ. ನಾಳೆ ಬೆಳಿಗ್ಗೆ ಹೋಗಿ ಕೊಟ್ಟಿಕ್ಕಿ ಬನ್ನಿ. ಡಬ್ಬಿ ಮಾತ್ರ ಜೋಪಾನ, ಯನ್ನ ಹೆಸರು ಇದ್ದು ಅದ್ರ ಮೇಲೆ."

ನಾನು ನಿಜಕ್ಕೂ ಬೆರಗಾದೆ. ಕಡಲಿನ ತಾರ್ಲೆ ಪಕ್ಕದ ಮನೆಯಲ್ಲಿ ಬಾಳೆಹಣ್ಣಾಗಿ, ನಮ್ಮ ಬಾಣಲೆಯಲ್ಲಿ ಬನ್ಸ್ ಆಗಿ, ಮತ್ತೆ ಕಡಲಿಗೆ ಹೊರಟಿತ್ತು. ಇದನ್ನು ನಡೆಸುತ್ತಿರುವವರು ಯಾರು? ಯಾರೂ ಅಲ್ಲ, ಎಲ್ಲರೂ ಹೌದು. ಮರುದಿನ ದಂಡೆಯಲ್ಲಿ ಗಣಪತಿಗೆ ಡಬ್ಬಿ ಕೊಟ್ಟು, ಬೆರಗು ತಡೆಯಲಾರದೆ ಮೀನು ಖದೀಜಾಬಿಯ ಮನೆ ಸೇರಿದ ಕತೆಯನ್ನೆಲ್ಲ ಹೇಳಿದೆ. ಕೈಗಳೆರಡನ್ನೂ ಬುದ್ಧಿವಂತಿಕೆಯಿಂದ ಹಿಂದೆ ಕಟ್ಟಿಕೊಂಡು, ಹಗ್ಗದಿಂದ ದೂರವೇ ನಿಂತಿದ್ದೆ. ಅವನು ಕತೆ ಕೇಳಿ ನಕ್ಕು, ಹಗ್ಗ ಎಳೆಯುತ್ತಿದ್ದವರಿಗೆಲ್ಲ ಬನ್ಸ್ ಹಂಚಿ, ಡಬ್ಬಿಯನ್ನು ಕಡಲ ನೀರಿನಲ್ಲಿ ಚೊಕ್ಕವಾಗಿ ತೊಳೆದ. ಒಳ್ಳೆಯ ಮನೆತನದವನು. ನಾನು ಬಾಯಿ ತೆರೆಯುವ ಮೊದಲೇ ಬಲೆಯ ಹತ್ತಿರ ಹೋಗಿ ಬಂದ.

"ಖಾಲಿ ಡಬ್ಬಿ ಕೊಡೂಕಾಗ ಸರ" ಎಂದ. "ಬಂಗಡೆ ಮೀನು ಉಂಟು. ನಿಮ್ಮ ಪಕ್ಕದ ಮನೆ ಅಮ್ಮಂಗೆ ಆತು."

ಸ್ಕೂಟರಿನ ಕೊಕ್ಕೆಗೆ ಡಬ್ಬಿ ತೂಗುಹಾಕಿಕೊಂಡು ಮನೆ ದಾರಿ ಹಿಡಿದೆ. ಮೂರೂ ಪಂಗಡದ ಪಂಡಿತರನ್ನು ಒಬ್ಬೊಬ್ಬರಾಗಿ ನೆನೆದುಕೊಂಡೆ. ಈ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವರಲ್ಲಿ ಯಾರೂ ಬರೆದಿಟ್ಟಿಲ್ಲ. ಮೊದಲು ಖದೀಜಾಬಿಯ ಗೇಟಿಗೆ ಹೋಗಿ ಡಬ್ಬಿ ಬರಿದುಮಾಡಿ, ತೊಳೆದು, ಬಿಸಿಲಿಗೆ ಒಣಗಿಸಿ ಒಯ್ದರಾಯಿತೆಂದು ಉಪಾಯ ಹೂಡಿ, ಎಂಜಿನ್ ಬಂದ್ ಮಾಡಿ, ಸ್ಕೂಟರನ್ನು ಸದ್ದಿಲ್ಲದೆ ತಳ್ಳಿಕೊಂಡು ಹೋದೆ. ಖದೀಜಾಬಿಯ ಗೇಟಿನಲ್ಲಿ ಇಬ್ಬರೂ ಹೆಂಗಸರು ಮಾತಾಡುತ್ತ ನಿಂತಿದ್ದರು. ಸಾವಿತ್ರಿ ನನ್ನನ್ನು ಕಂಡವಳೇ ಡಬ್ಬಿಗೆ ಕೈ ಚಾಚಿದಳು.