ದಿಂಬಿನ ಮೇಲೆ ಪ್ರಥಮ ಚಿಕಿತ್ಸೆ

ಪುಟ್ಟ ಮಗುವಿರುವ ಮನೆಯಲ್ಲಿ ಅನಾಹುತಗಳಿಗೆ ರಜೆ ಇರುವುದಿಲ್ಲ. ಬಿ.ಎಸ್ಸಿ. ಮುಗಿಸಿ ರಾಜಾಜಿನಗರದ ಕಾರ್ಖಾನೆಯೊಂದರ ಪ್ರಯೋಗಾಲಯಕ್ಕೆ ಸೇರಿದ ನಾನು ಅಲ್ಲೇ ಅಕ್ಕನ ಮನೆಯಲ್ಲಿದ್ದೆ. ಕಾರ್ಖಾನೆಯವರು ನನಗೆ ಪ್ರಥಮ ಚಿಕಿತ್ಸೆ ಕಲಿಸಿದ್ದರು. ಅಲ್ಲಿ ಯಾರಿಗೂ ಗಾಯವಾಗಲಿಲ್ಲ. ಕಲಿತದ್ದೆಲ್ಲ ಅಕ್ಕನ ಮಗನಿಗೇ ಖರ್ಚಾಯಿತು.

ಮಗು ಆಗಷ್ಟೇ ನಡೆಯಲು ಕಲಿತಿತ್ತು. ಅದು ಜಗಲಿಯಿಂದ ಬಿದ್ದು ಹಣೆ ಊದಿಸಿಕೊಂಡಾಗ ಅಕ್ಕನ ಅತ್ತೆ ಕೆಂಗೇರಿಯಿಂದ ಬಂದು ತೀರ್ಪು ಕೊಟ್ಟುಹೋಗಿದ್ದರು: "ಇನ್ನೊಂದು ಸಲ ಹೀಗಾದ್ರೆ ಮಗೂನ ನಾನೇ ಕೆಂಗೇರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲೇ ಬೆಳೀಲಿ." ಅಂದಿನಿಂದ ಅಕ್ಕನಿಗೆ ಸರಿಯಾಗಿ ನಿದ್ದೆಯಿಲ್ಲ.

೧. ಹುರುಳಿಕಾಳು

ಅಕ್ಕ ಹುರುಳಿ ಆರಿಸುತ್ತಿದ್ದಳು. ಮಗು ಒಂದು ಕಾಳನ್ನು ಮೂಗಿಗೆ ತೂರಿಸಿಕೊಂಡಿತು. ಭಾವ ಕಡ್ಡಿ ಹುಡುಕತೊಡಗಿದರು.

"ಕಡ್ಡಿ ಹಾಕಿದ್ರೆ ಇನ್ನೂ ಒಳಗೆ ಹೋಗುತ್ತೆ ಭಾವ. ಡಾಕ್ಟರ ಹತ್ರ ಹೋಗೋಣ" ಎಂದೆ.

"ಡಾಕ್ಟರ ಹತ್ರ ಹೋದ್ರೆ ಸುದ್ದಿ ಕೆಂಗೇರಿಗೆ ಮುಟ್ಟುತ್ತೆ ಕಣೋ" ಅಂದಳು ಅಕ್ಕ.

ಗಲಾಟೆ ಕೇಳಿ ಪಕ್ಕದ ಮನೆಯ ತಾತ ನಶ್ಯದ ಡಬ್ಬಿ ಹಿಡಿದು ಬಂದರು. "ಒಂದೇ ಸೀನು. ಕಾಳು ಬೀದೀಲಿರುತ್ತೆ."

ಮಗುವಿಗೆ ನಶ್ಯ ಬೇಡವೆಂದು ನಾನು ಡಬ್ಬಿಗೆ ಕೈ ಹಾಕಿದೆ. ತಾತ ಬಿಡಲಿಲ್ಲ. ಎಳೆದಾಟದಲ್ಲಿ ನಶ್ಯವೆಲ್ಲ ಹಾರಿತು. ಅಕ್ಕ, ಭಾವ, ತಾತ, ನಾನು ಎಲ್ಲರೂ ಸೀನಿದೆವು. ಮಗು ಮಾತ್ರ ಸೀನಲಿಲ್ಲ. ನಮ್ಮನ್ನು ನೋಡಿ ಕೇಕೆ ಹಾಕಿ ನಕ್ಕಿತು.

ಕೊನೆಗೆ ಡಾಕ್ಟರ ಬಳಿಗೇ ಹೋದೆವು. ಕಾಳನ್ನು ಅವರು ಚಿಮಟದಿಂದ ತೆಗೆದದ್ದು ಆಮೇಲೆ; ಮೊದಲು ಸಿಕ್ಕಿದ್ದು ಬೈಗುಳ. ಕಣ್ಣೀರು ಸುರಿಸುತ್ತ, ಸಾಲಾಗಿ ಸೀನುತ್ತ ನಿಂತ ನಮ್ಮನ್ನು ನೋಡಿ ಅವರು ಗದರಿದರು: "ಇಷ್ಟೊಂದು ನೆಗಡಿ ಇಟ್ಕೊಂಡು ಆರೋಗ್ಯವಾಗಿರೋ ಮಗೂನ ಯಾಕ್ರೀ ಎತ್ಕೊಂಡು ಬಂದ್ರಿ? ಅದಕ್ಕೂ ಅಂಟುತ್ತೆ!"

೨. ನೀಲಿ ಕೈ

ಮಗು ಬಿಸಿ ಹಾಲಿನ ಪಾತ್ರೆ ಮುಟ್ಟಿ ಚೀರಿತು. ನಾನು ತಣ್ಣೀರಿಗೆ ಓಡಿದೆ. ಬೀದಿ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಬೆಳಿಗ್ಗೆ ಮಾತ್ರ. ಕೊಡಗಳನ್ನು ಬಗ್ಗಿಸಿ ಒಂದು ಪಾತ್ರೆ ತುಂಬಿಸಿ ತರುವಷ್ಟರಲ್ಲಿ, ಗುಮಾಸ್ತರಾದ ಭಾವ ಮಗುವಿನ ಕೈಮೇಲೆ ಶಾಯಿ ಬುಡ್ಡಿಯನ್ನೇ ಸುರಿದಿದ್ದರು.

"ನಮ್ಮ ಆಫೀಸಲ್ಲಿ ಸುಟ್ಟ ಗಾಯಕ್ಕೆ ಎಲ್ಲರೂ ಇದನ್ನೇ ಹಾಕೋದು."

"ನಿಮ್ಮ ಆಫೀಸಲ್ಲಿ ಯಾರು ಭಾವ ಸುಟ್ಕೊಳ್ಳೋದು?"

ಅವರು ಯೋಚಿಸಿದರು. "ಯಾರೂ ಇಲ್ಲ."

ಮಗುವಿನ ಕೈಯನ್ನು ನೀರಿನಲ್ಲಿ ಬಹಳ ಹೊತ್ತು ಮುಳುಗಿಸಿ ಹಿಡಿದೆ. ಅಳು ನಿಂತಿತು, ಬಣ್ಣ ಹೋಗಲಿಲ್ಲ. ಬೊಬ್ಬೆ ಎದ್ದಿದೆಯೇ ನೋಡೋಣವೆಂದರೆ ಎಲ್ಲ ಒಂದೇ ನೀಲಿ. ಅಷ್ಟರಲ್ಲಿ ಕೈಚೀಲ ಹಿಡಿದು ಅಕ್ಕನ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಅಯ್ಯಯ್ಯೋ, ಮಗು ನೀಲಿಗಟ್ಟಿದೆ! ಹಾವು ಕಚ್ಚಿದೆ ಕಣ್ರೋ!"

ಸಮಾಧಾನ ಮಾಡಲು ಭಾವ ತಾಯಿಯತ್ತ ಎರಡೂ ಕೈ ಚಾಚಿದರು. ಅವೂ ನೀಲಿ.

"ಅಯ್ಯೋ, ಇವನಿಗೂ ಕಚ್ಚಿದೆ!"

೩. ಕಾಯಿಚೂರು

ಹಾವಿಲ್ಲವೆಂದು ಗೊತ್ತಾದ ಮೇಲೆ ಅತ್ತೆಯ ಸಿಟ್ಟು ಹೆಚ್ಚಿತು. ಭಾನುವಾರ ಮಗು ಕೆಂಗೇರಿಗೆ ಎಂದು ತೀರ್ಮಾನವಾಯಿತು. ಅಕ್ಕ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಕೆಗೆ ಧೈರ್ಯ ಬರಲೆಂದು ದಿಂಬನ್ನೇ ಮಗು ಮಾಡಿ ಪಾಠ ಹೇಳಿದೆ. "ಗಂಟಲಿಗೆ ಏನಾದ್ರೂ ಸಿಕ್ಕಿ, ಕೆಮ್ಮೋಕೂ ಅಳೋಕೂ ಆಗ್ದೇ ಇದ್ರೆ ತೊಡೆ ಮೇಲೆ ಬೋರಲು ಹಾಕು. ತಲೆ ಕೆಳಗಿರಲಿ. ಹೆಗಲಮೂಳೆಗಳ ಮಧ್ಯೆ ಅಂಗೈಯಿಂದ ಗಟ್ಟಿಯಾಗಿ ತಟ್ಟು. ಕಾಣದ್ದನ್ನ ಬೆರಳು ಹಾಕಿ ಹುಡುಕಬೇಡ."

ಅತ್ತೆ ದೂರದಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. "ನಾನು ಆರು ಮಕ್ಕಳನ್ನ ಸಾಕಿದೀನಪ್ಪ. ನೀನು ದಿಂಬುಗಳನ್ನ ಸಾಕು."

ಭಾನುವಾರ ಬೆಳಿಗ್ಗೆ ಅತ್ತೆ ಮಡಿಯುಟ್ಟು ಪೂಜೆಗೆ ಕುಳಿತರು. ಮಡಿಯಲ್ಲಿದ್ದಾಗ ಅವರನ್ನು ಮಡಿಯಲ್ಲದ ಬಟ್ಟೆ ತೊಟ್ಟವರು ಯಾರೂ ಮುಟ್ಟುವಂತಿಲ್ಲ; ಮಗುವಾದರೂ ಬರಿಮೈಯಲ್ಲಿದ್ದರಷ್ಟೇ ಹತ್ತಿರ ಬರಬಹುದು. ಅಕ್ಕನೂ ನಾನೂ ನಲ್ಲಿಯ ಬಳಿ ಇದ್ದೆವು. ಅತ್ತೆ ನೈವೇದ್ಯದ ಕಾಯಿಚೂರೊಂದನ್ನು ಮಗುವಿನ ಕಡೆ ಎಸೆದರಂತೆ, ಪ್ರಸಾದವೆಂದು.

ಅವರ ಕೂಗು ಕೇಳಿ ಒಳಗೆ ಓಡಿದೆವು. ಮಗುವಿನ ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಅತ್ತೆ ಒಂದೇ ಎಳೆತಕ್ಕೆ ಅದರ ಅಂಗಿ ಕಿತ್ತು ಮೂಲೆಗೆಸೆದರು, ಚಡ್ಡಿ ದೇವರ ಮುಂದೆ ಬಿತ್ತು. ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಮಾಡಿ ಬೆನ್ನಿಗೆ ತಟ್ಟಿದರು. ಒಂದು, ಎರಡು, ಮೂರು. ಕಾಯಿಚೂರು ನೆಲಕ್ಕೆ ಬಿತ್ತು. ಮಗು ಮನೆ ಹಾರಿಹೋಗುವಂತೆ ಅತ್ತಿತು. ಅಷ್ಟು ಇಂಪಾದ ಅಳುವನ್ನು ನಾನು ಕೇಳಿಲ್ಲ.

"ಬಹಳ ಸರಿಯಾಗಿ ಮಾಡಿದ್ರಿ ಅಮ್ಮ" ಎಂದೆ. "ಉಸಿರಾಟಕ್ಕೆ ಅಡ್ಡಿಯಾಗದ ಹಾಗೆ ಬಟ್ಟೆ ತೆಗೆದಿದ್ದೂ ಒಳ್ಳೇದೇ ಆಯ್ತು."

"ಉಸಿರಾಟಕ್ಕೆ ಯಾರಪ್ಪ ತೆಗೆದದ್ದು? ನಾನು ಮಡೀಲಿದೀನಿ!"

ಅಕ್ಕ ಅತ್ತೆಯ ಪಕ್ಕದಲ್ಲೇ ಕುಸಿದು ಕುಳಿತು ಮಗುವನ್ನು ತಬ್ಬಿಕೊಂಡಳು. ಮಡಿಸೀರೆಗೆ ಅಕ್ಕನ ಸೀರೆ ತಗುಲಿತು. ಅತ್ತೆ ಸರಿದು ಕೂರಲಿಲ್ಲ; ಅಕ್ಕನ ಬೆನ್ನು ಸವರಿದರು.

ಮಗುವಿನ ಅಳು ನಿಂತ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು: "ಅತ್ತೆ, ಮಗೂನ ಕೆಂಗೇರಿಗೆ..."

"ಬೇಡ ಕಣೇ" ಎಂದರು ಅತ್ತೆ. "ಕೆಂಗೇರೀಲಿ ಮಗೂನ ನೋಡ್ಕೊಳ್ಳೋಕೆ ನಾನಿದೀನಿ, ಸರಿ. ಮಗೂಗೆ ಕಾಯಿಚೂರು ಎಸೆಯೋ ನನ್ನನ್ನ ನೋಡ್ಕೊಳ್ಳೋಕೆ ಯಾರಿದಾರೆ?"