ನನ್ನ ಎಡಗಿವಿಯ ಮೇಲ್ಮನವಿ

ಹದಿನೇಳು ವರ್ಷ ಫಿರಂಗಿಯ ಪಕ್ಕ ನಿಂತು ನಾನು ದೇಶಕ್ಕೆ ನನ್ನ ಎಡಗಿವಿಯನ್ನು ಅರ್ಪಿಸಿದೆ. ಅಂಗವೈಕಲ್ಯ ಪಿಂಚಣಿ ಕೇಳಿದಾಗ ಬಂದ ಉತ್ತರ ಬಹಳ ಗಂಭೀರವಾಗಿತ್ತು: ಈ ಕಿವುಡು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ.

ಹಾಗಾದರೆ ಎಲ್ಲಿಂದ ಬಂತು? ನನಗೇ ಕುತೂಹಲ ಹುಟ್ಟಿತು!

ಮೇಲ್ಮನವಿಗೆ ಅವಕಾಶವಿತ್ತು. ಗೆದ್ದರೆ ಕತಾರಿನ ನೌಕರಿ ಬಿಟ್ಟು ವಿಜಯಪುರಕ್ಕೆ ಮರಳಬಹುದಿತ್ತು. ಮೆಸಯೀದಿನ ಕಾರ್ಖಾನೆಗೆ ಹೋಗಿಬರುವ ಕಂಪನಿ ಬಸ್ಸಿನಲ್ಲಿ ಕುಳಿತು ನಿಯಮಗಳನ್ನು ಅಧ್ಯಯನ ಮಾಡಿದೆ. ಮೇಲ್ಮನವಿ ಕೇಳುವ ಸಮಿತಿ ಮನುಷ್ಯನನ್ನು ನೋಡುವುದಿಲ್ಲ, ಕಡತವನ್ನು ನೋಡುತ್ತದೆ. ಸೇರುವಾಗ ಕಿವಿ ಹೇಗಿತ್ತು, ನಡುವೆ ಏನಾಯಿತು, ಬಿಡುವಾಗ ವೈದ್ಯರು ಏನು ಬರೆದರು, ಇಷ್ಟೇ.

ಹೆಂಡತಿ ಮಹಾದೇವಿ ಹೇಳಿದಳು: “ಸೇರೂಮುಂದ ಕಿವಿ ಛಲೋ ಇತ್ತು, ತೋಪಿನ ಬಾಜೂಕ ನಿಂತು ಹೋತು. ಇಷ್ಟ ಬರದು ಕಳಸ್ರಿ.”

“ನಿನಗ ಕಾನೂನು ತಿಳಿಯೂದಿಲ್ಲ, ಸುಮ್ನಿರು!”

ಫೌಜಿನಲ್ಲಿ ಕಲಿತ ಮೊದಲ ಪಾಠ: ಇರುವ ಕಾಗದವನ್ನೆಲ್ಲ ಲಗತ್ತಿಸು, ಮೂರು ಪ್ರತಿ. ಫಿರಂಗಿಯೊಂದಿಗಿನ ಫೋಟೊ ಇಟ್ಟೆ. ವಾಲಿಬಾಲ್ ಪ್ರಶಸ್ತಿಪತ್ರ ಇಟ್ಟೆ. ಕೊನೆಗೆ, ಇಲ್ಲಿಯ ಕಂಪನಿಯ ವೈದ್ಯಕೀಯ ಸರ್ಟಿಫಿಕೇಟನ್ನೂ ಇಟ್ಟೆ.

ಆ ಸರ್ಟಿಫಿಕೇಟಿಗೊಂದು ಇತಿಹಾಸವಿದೆ. ಕೆಲಸಕ್ಕೆ ಸೇರುವಾಗ ಕಿವಿಗೆ ಹೆಡ್‌ಫೋನ್ ತೊಡಿಸಿ, ಸದ್ದು ಕೇಳಿದಾಗಲೆಲ್ಲ ಕೈಯೆತ್ತಲು ಹೇಳಿದ್ದರು. ಎಡಗಿವಿಯ ಸರದಿ ಬಂದಾಗ ನಾನು ಎದುರಿಗಿದ್ದವನ ಬೆರಳನ್ನೇ ನೋಡುತ್ತಿದ್ದೆ. ಅವನು ಗುಂಡಿ ಒತ್ತಿದ, ನಾನು ಕೈಯೆತ್ತಿದೆ. ಒಂದೂ ತಪ್ಪಲಿಲ್ಲ. ಗುರಿ ಹಿಡಿಯುವುದು ನಮ್ಮ ಕಸುಬು!

ನಾನೂ ಮಹಾದೇವಿಯೂ ಇರುವ ದೋಹಾ ಅಲ್ ಜದೀದಾ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಹಮೀದ್ ಟೈಪಿಂಗ್ ಸೆಂಟರ್ ನಡೆಸುತ್ತಾರೆ, ಪುತ್ತೂರಿನ ಕಡೆಯವರು. ಸ್ಕ್ಯಾನ್ ಮಾಡುತ್ತ ಮಾಡುತ್ತ ಕೊನೆಯ ಹಾಳೆಯ ಮೇಲೆ ಬೆರಳಿಟ್ಟರು.

“ಇದ್ರಲ್ಲಿ ಎರಡೂ ಕಿವಿ ಫಿಟ್ ಅಂತ ಉಂಟಲ್ಲ ಮಾರಾಯ್ರೆ. ಇದು ಬೇಕಾ?”

“ಹಮೀದಣ್ಣಾ, ಫೌಜಿ ಅಂದಮ್ಯಾಲೆ ಫಿಟ್ ಇರಾಕ ಬೇಕು! ಒಂದು ಕಾಗದ ಕಡಿಮಿ ಆದ್ರ ಫೈಲ್ ವಾಪಸ್ ಬರ್ತೈತಿ.”

“ಖಲಾಸ್. ನಿಮ್ಮ ಕಿವಿ, ನಿಮ್ಮ ಇಷ್ಟ,” ಎಂದು ಕಳಿಸಿಯೇ ಬಿಟ್ಟರು.

ತಿಂಗಳುಗಟ್ಟಲೆ ಕಾದೆವು. ಕಡತವನ್ನು ಯಾರೂ ಕೊನೆಯ ಹಾಳೆಯವರೆಗೆ ಓದುವುದಿಲ್ಲವೆಂಬ ನನ್ನ ನಂಬಿಕೆ ಸುಳ್ಳಾಯಿತು. ಸಮಿತಿ ಓದಿತ್ತು!

ತೀರ್ಪು ಬಂದದ್ದು ಒಂದು ಶುಕ್ರವಾರದ ಸಂಜೆ, ಫೋನಿನಲ್ಲಿ. ನಾನು ಚಹಾ ಕುಡಿಯುತ್ತಿದ್ದೆ. ಮಹಾದೇವಿ ನನ್ನ ಎಡಕ್ಕೆ ನಿಂತು ಅದನ್ನು ಓದಿ ಕೂಗಿದಳಂತೆ: “ಎರಡೂ ಕಿವಿ ಛಲೋ ಅದಾವ ಅಂತ ನೀವ ಕಾಗದ ಕೊಟ್ಟೀರಂತ! ಕಿವುಡ ಇಲ್ಲಂದಮ್ಯಾಲೆ ಅದು ಎಲ್ಲಿಂದ ಬಂತು ಅಂತ ನೋಡೂದೇನೈತಿ ಅಂತ ಬರದಾರ! ಅರ್ಜಿ ವಜಾ!”

ನಾನು ಇನ್ನೊಂದು ಗುಟುಕು ಹೀರಿದೆ. ಸಕ್ಕರೆ ಸರಿಯಾಗಿತ್ತು.

ಆಗ ಗೋಡೆಯಾಚೆಯಿಂದ ಹಮೀದ್ ಓಡಿಬಂದರು. ನನ್ನ ಬಲಕ್ಕೆ ಕುಳಿತು ಹೆಗಲ ಮೇಲೆ ಕೈಯಿಟ್ಟರು. “ಬೇಜಾರು ಮಾಡ್ಬೇಡಿ ಮಾರಾಯ್ರೆ, ಇನ್ನೊಂದು ಅಪೀಲು ಉಂಟಲ್ಲ.”

ನಾನು ಸೋತ ಸುದ್ದಿ ನನಗೆ ತಿಳಿದದ್ದು ಹೀಗೆ, ಪಕ್ಕದ ಮನೆಗೆ ಕೇಳಿಸಿದ ಮೇಲೆ!