ಗೇಣಿಗೆ ಮೂರು ಬೆರಳು ಕಮ್ಮಿ

ನಮ್ಮ ಸೋದರಮಾವ ಮದುವೆಗೆ ಹೋದರೆ ಮದುಮಗನ ಮುಖ ನೋಡುವುದಿಲ್ಲ, ಮದುಮಗ ಬಂದಿಳಿದ ಕಾರಿನ ಹೊಟ್ಟೆ ನೋಡುತ್ತಾನೆ! ಇದು ನಾನು ಕಟ್ಟಿ ಹೇಳುತ್ತಿರುವ ಮಾತಲ್ಲ. (ಕಟ್ಟಿದವು ಮುಂದೆ ಬರುತ್ತವೆ, ಅವಸರ ಮಾಡಬೇಡಿ.) ಕೂಡ್ಲಿಗಿಯ ಒಂದು ಮದುವೆಯಲ್ಲಿ ಜನರೆಲ್ಲ ಅಕ್ಕಿಕಾಳು ಹಿಡಿದು ನಿಂತಿದ್ದರೆ, ಈತ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಛತ್ರದ ಹೊರಗೆ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಯಾರದೋ ಜೀಪಿನ ಕೆಳಗೆ ಕೈ ತೂರಿಸಿ ಗೇಣು ಹಾಕುತ್ತಿದ್ದ. ಡ್ರೈವರ್ ಓಡಿ ಬಂದ.

"ಏಯ್ ಯಜಮಾನ್ರ, ಡೀಸೆಲ್ ಕದಿಯಾಕ ಹತ್ತೀರೇನ್ರಿ?"

"ಡೀಸೆಲ್ ನೀನ ಇಟ್ಗಳಪ್ಪ. ಗೇಣು ಪೂರಾ ಐತಲ್ಲೋ ಇದಕ್ಕ! ಪುಣ್ಯಾತ್ಮ ಅದೀ ನೀನು!"

ಆ ಮದುವೆಯ ಫೋಟೊದಲ್ಲಿ ಈಗಲೂ ಮಾವನ ಕೆನ್ನೆಯ ಮೇಲೆ ದೃಷ್ಟಿಬೊಟ್ಟಿನ ಹಾಗೆ ಗ್ರೀಸ್ ಇದೆ.

ಕೊಟ್ಟೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಮಾವನಿಗೆ ಈ ಹುಚ್ಚು ಹಿಡಿದದ್ದು ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಪುಟ್ಟ ಕಾರು ಕೊಂಡ ಮೇಲೆ. ಹನ್ನೆರಡಿಂಚಿನ ಗಾಲಿ. ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣಿಗೆ ಮೂರು ಬೆರಳು ಕಮ್ಮಿ. ಜನ ಕೂತರೆ ಇನ್ನೂ ಕಮ್ಮಿ. ಆಗಲೋ, ಪ್ರತಿ ಊರಿನವರೂ ತಮ್ಮ ಘನತೆಗೆ ತಕ್ಕಂತೆ ರಸ್ತೆಗೆ ಅಡ್ಡ ಹಂಪು ಹಾಕಿಕೊಳ್ಳುತ್ತಿದ್ದ ಕಾಲ! ಹಂಪು ಬಂದ ಕೂಡಲೇ ಮಾವ ಬಸ್ ಕಂಡಕ್ಟರನ ಗತ್ತಿನಲ್ಲಿ, "ಇಳೀರಿ, ಇಳೀರಿ, ಎಲ್ಲಾರೂ ಇಳೀರಿ" ಎನ್ನುವುದು, ನಾವು ಇಳಿಯುವುದು, ಕಾರು ಬಸುರಿಯ ಹಾಗೆ ಹಂಪು ದಾಟುವುದು, ನಾವು ಓಡಿ ಹೋಗಿ ಹತ್ತುವುದು. ಹರಪನಹಳ್ಳಿಗೆ ಹೋಗಿ ಬಂದರೆ ಕಾರಿನಲ್ಲಿ ಕೂತದ್ದಕ್ಕಿಂತ ಕಾರಿನ ಹಿಂದೆ ನಡೆದದ್ದೇ ಹೆಚ್ಚಾಗಿರುತ್ತಿತ್ತು.

ಮೊದಲ ಸಲ ಅತ್ತೆಯ ತವರಿಗೆ ಹೋದಾಗ ಆದದ್ದೇ ಬೇರೆ. ಹಲವಾಗಲು ದಾಟಿ ಹೊಳೆಯ ಕಡೆಗಿರುವ ಹೊಲದ ಮನೆ ಅದು. ಕೊನೆಯ ದಾರಿಯೆಲ್ಲ ಬಂಡಿ ಜಾಡು. ಎರಡು ಕಡೆ ಗಾಲಿಯ ಹಳ್ಳ, ನಡುವೆ ಹುಲ್ಲು ಬೆಳೆದ ದಿಬ್ಬ. ಕಾರಿನ ಹೊಟ್ಟೆಯಡಿಯ ಆಯಿಲ್ ಚೇಂಬರ್ ಆ ದಿಬ್ಬಕ್ಕೆ ಬಡಿದು "ಗರ್ರ್" ಎಂದಿತು, ಮಾವ "ಇಳೀರಿ" ಎಂದ. ರೇಷ್ಮೆ ಸೀರೆ ಉಟ್ಟ ಅತ್ತೆ ಕಾರಿನ ಹಿಂದೆ ಧೂಳು ಕುಡಿಯುತ್ತ ನಡೆದೇ ತವರು ಮುಟ್ಟಿದಳು. ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಕೇಳಿದ್ದು ಒಂದೇ ಮಾತು: "ಅಕ್ಕಾ, ಕಾರು ತಗಂಡೀವಿ ಅಂದಿದ್ರಿ. ಹತ್ತಾಕ ತಗಂಡಿಲ್ಲೇನು?"

ಅತ್ತೆ ಅವತ್ತೇ ಬಸ್ಸಿಗೆ ಹೊರಟಳು.

"ನೋಡ್ರಿ, ನನ್ನ ತವರುಮನಿ ಬಾಗಿಲಿಗೆ ಕುಂತಾಕಿನ್ನ ಕುಂತಂಗ ಕರ್ಕಂಡು ಹೋಗ್ತೀರಿ ಅಂದ್ರ ಹೇಳ್ರಿ. ಅಲ್ಲೀತನ ಈ ಗಾಡಿ ನಾನು ಹತ್ತಂಗಿಲ್ಲ."

ಹತ್ತಲೇ ಇಲ್ಲ! ಹಗರಿಬೊಮ್ಮನಹಳ್ಳಿಯ ಸಂತೆಗೆ ಅತ್ತೆ ಬಸ್ಸಿನಲ್ಲಿ, ಮಾವ ಅದೇ ಬಸ್ಸಿನ ಹಿಂದೆ ಖಾಲಿ ಕಾರಿನಲ್ಲಿ, ಹೊಗೆ ಕುಡಿಯುತ್ತ. ಬಸ್ ಸ್ಟ್ಯಾಂಡಿನಲ್ಲಿ ಕಾರಿನ ಬಾಗಿಲು ತೆರೆದು ನಿಂತರೆ ಅತ್ತೆ ಚೀಲ ಮಾತ್ರ ಒಳಗಿಟ್ಟು ತಾನು ನಡೆದು ಹೋಗುತ್ತಿದ್ದಳು. ಗಂಡ ಹೆಂಡತಿಯ ಇಂಥ ಮೆರವಣಿಗೆಯನ್ನು ನೀವೆಲ್ಲಾದರೂ ಕಂಡಿದ್ದೀರಾ?

ಅಲ್ಲಿಂದ ಶುರುವಾಯಿತು ನೋಡಿ ಮಾವನ ಟೈರಿನ ತಪಸ್ಸು. ಟೈರಿನ ಮೈಮೇಲೆ ನೂರಾ ನಲವತ್ತೈದು, ಎಪ್ಪತ್ತು, ಹನ್ನೆರಡು ಎಂದು ಅಂಕಿ ಬರೆದಿರುತ್ತಾರಲ್ಲ? ನಾನು ಅದನ್ನು ಯಾವುದೋ ಫೋನ್ ನಂಬರ್ ಎಂದುಕೊಂಡಿದ್ದೆ. ಮಾವ ನನ್ನ ಕಿವಿ ಹಿಡಿದು ಟೈರಿನ ಮುಂದೆ ಕೂರಿಸಿದ.

"ಮೊದಲನೇದು ಅಗಲ. ಕಡೀದು ಗಾಲಿ ಇಂಚು. ನಡುವಿಂದು ಪರ್ಸೆಂಟೇಜು. ಅಗಲಕ್ಕ ನೂರಕ್ಕ ಎಪ್ಪತ್ತರಷ್ಟು ಟೈರಿನ ಎತ್ತರ. ನಮಗ ಎಂಬತ್ತು ಬೇಕು, ತಿಳೀತೇನಲೇ?"

"ಎಪ್ಪತ್ತಂದ್ರ ಡಿಸ್ಟಿಂಕ್ಷನ್ ಅಲ್ಲೇನ್ ಮಾವಾ? ಸಾಲಂಗಿಲ್ಲೇನು?"

"ಡಿಸ್ಟಿಂಕ್ಷನ್ ಬಂದದ್ದನ್ನ ನೆಲ ಬಡೀತೈತಿ. ಮೂವತ್ತೈದು ತಗಂಡು ನೀನು ಅದೆಂಗ ಎದಿ ಎತ್ತಿ ಅಡ್ಡಾಡ್ತೀಯೋ!"

ಊರವರನ್ನೆಲ್ಲ ಅಣಕಿಸುವ ನಾನು ಟೈರಿನ ಅಂಕಿಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡತೊಡಗಿದೆ.

ಮೊದಲಿಗೆ ಮಾವ ದೊಡ್ಡ ಟೈರು ಹಾಕಿಸಿದ್ದು ಹಿಂದಿನ ಗಾಲಿಗಳಿಗೆ ಮಾತ್ರ. ಭಾರ ಬೀಳುವುದು ಹಿಂದೆ, ಏರಬೇಕಾದದ್ದೂ ಹಿಂದೆ, ಎಂಥ ಲೆಕ್ಕ! ಕಾರಿನ ಕುಂಡೆ ಮೇಲೆ, ಮೂತಿ ಕೆಳಗೆ. ಹಿಂದೆ ಕೂತವರು ಮುಂದಿನವರ ಬೆನ್ನಿಗೆ ಜಾರುತ್ತಿದ್ದೆವು. ಹೆಡ್‌ಲೈಟು ದಾರಿ ಬಿಟ್ಟು ತನ್ನ ಕಾಲು ತಾನೇ ನೋಡಿಕೊಳ್ಳುತ್ತಿತ್ತು. ಅತ್ತೆ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ತೀರ್ಪು ಕೊಟ್ಟಳು: "ಹಳ್ಳದಾಗ ನೀರು ಕುಡಿಯೋ ಆಡಿನಂಗ ಐತಿ."

ಆಮೇಲೆ ನಾಲ್ಕಕ್ಕೂ ಬಂತು: ನೂರಾ ಐವತ್ತೈದು, ಎಂಬತ್ತು. ಟೈರು ಹೆಚ್ಚುಕಮ್ಮಿ ಎರಡು ಇಂಚು ಎತ್ತರವಾಗಿತ್ತು. ಕಾರು ಏರಿದ್ದು ಹೆಚ್ಚುಕಮ್ಮಿ ಒಂದೇ ಇಂಚು! ಮಾವ ಹಗರಿಬೊಮ್ಮನಹಳ್ಳಿಯ ಟೈರಿನಂಗಡಿಯಲ್ಲಿ ಜಗಳಕ್ಕೆ ನಿಂತ.

"ಎರಡಿಂಚು ತಗಂಡೀನಿ. ಇನ್ನೊಂದು ಇಂಚು ಎಲ್ಲಿ?"

"ಮ್ಯಾಲೆ ಹೋತ್ರಿ ಸಾವ್ಕಾರ್ರ. ಗಾಲಿ ದುಂಡಗ ಐತಲ್ರಿ? ಅಚ್ಚಿನ ಕೆಳಗ ಅರ್ಧ, ಮ್ಯಾಲೆ ಅರ್ಧ."

"ಟೈರಿನಾಗೂ ಮ್ಯಾಲಿನವರಿಗೆ ಅರ್ಧ ಹೋಗಬೇಕೇನಪ್ಪಾ!" ಎಂದು ಮಾವ ನಿಟ್ಟುಸಿರು ಬಿಟ್ಟು ವಾಪಸು ಬಂದ.

ಸಿಕ್ಕ ಇಂಚಿಗೂ ತೆರಿಗೆ ಇತ್ತು. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದರೆ ದಪ್ಪ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಮಾವ ತಲೆ ಕೆಡಿಸಿಕೊಳ್ಳಲಿಲ್ಲ, ಎಡಕ್ಕೆ ತಿರುಗುವುದನ್ನೇ ಬಿಟ್ಟುಬಿಟ್ಟ! ಗಿರಣಿಯಿಂದ ಎಡಕ್ಕೆ ಹೊರಳಿದರೆ ಮನೆ; ಈತ ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೂ ಬಲಕ್ಕೆ ಹೊರಳಿ ಊರಿಗೆ ಪ್ರದಕ್ಷಿಣೆ ಹಾಕಿ ಊಟಕ್ಕೆ ಬರುತ್ತಿದ್ದ. ಗಾಲಿ ದೊಡ್ಡದಾದ್ದರಿಂದ ಮೀಟರು ದೂರವನ್ನು ಕಡಿಮೆ ತೋರಿಸತೊಡಗಿತು. ಅದಕ್ಕೂ ಖುಷಿ! "ಹರಪನಹಳ್ಳಿ ಮೊದಲಿಗಿಂತ ಹತ್ರ ಬಂದೈತಿ ನೋಡಲೇ!"

ಕೊನೆಗೆ ಒಂದು ಬೇಸಿಗೆಯ ದಿನ ನಮ್ಮನ್ನೆಲ್ಲ ತುಂಬಿಕೊಂಡು ಊರಿನ ಹಂಪುಗಳ ಮೇಲೆ ಹಾಯ್ದು ತೋರಿಸಿದ. ಬಡಿಯಲಿಲ್ಲ! ಅತ್ತೆ ಒಳಗೆ ಹೋಗಿ ಅದೇ ರೇಷ್ಮೆ ಸೀರೆ ಉಟ್ಟು ಬಂದಳು. ಎಸ್‌ಟಿಡಿ ಬೂತಿನಿಂದ ಹಲವಾಗಲಿನ ಅಂಗಡಿಯೊಂದಕ್ಕೆ ಫೋನ್ ಮಾಡಿ ಹೇಳಿ ಕಳಿಸಿದಳು: "ನಮ್ಮ ತಮ್ಮನ ಹೇಣ್ತಿಗೆ ಬಾಗಿಲದಾಗ ನಿಂತಿರು ಅನ್ರಿ. ಕಾರಾಗ ಕುಂತು ಬರ್ತೀನಿ."

ಮುಂದಿನ ಸೀಟಿನಲ್ಲಿ ಅತ್ತೆ, ಹಿಂದೆ ನಾನು ಮತ್ತು ಹೋಳಿಗೆಯ ಡಬ್ಬಿ. ದಾರಿಯ ಒಂದೊಂದು ಹಂಪು ದಾಟಿದಾಗಲೂ ಮಾವ ಅತ್ತೆಯ ಕಡೆ ಓರೆಗಣ್ಣಿನಲ್ಲಿ ನೋಡುತ್ತಿದ್ದ. ಅವಳೋ ಕಂಡೂ ಕಾಣದಂತೆ ಕಿಟಕಿಯ ಹೊರಗೆ. ನನಗೆ ಸುಮ್ಮನಿರಲಾಗಲಿಲ್ಲ. ನೀಲಗುಂದದ ಹತ್ತಿರ ಬಾಯಲ್ಲೇ ಚೇಂಬರ್ ಬಡಿದ ಸದ್ದು ಮಾಡಿದೆ: "ಗರ್ರ್!" ಮಾವ ಗಕ್ಕನೆ ಬ್ರೇಕ್ ಒತ್ತಿ, ಇಳಿದು, ನೆಲಕ್ಕೆ ಕೆನ್ನೆ ಹಚ್ಚಿ ನೋಡಿ, ಎದ್ದು ಬಂದು ನನ್ನ ಬೆನ್ನಿಗೆ ಗುದ್ದಿದ. ಅತ್ತೆ ನಕ್ಕಳು. ಆ ಕಾರಿನಲ್ಲಿ ಅವಳು ನಕ್ಕದ್ದು ಅದೇ ಮೊದಲು!

ಬಂಡಿ ಜಾಡಿಗೆ ಇಳಿದೆವು. ದಿಬ್ಬದ ಹುಲ್ಲು ಕಾರಿನ ಹೊಟ್ಟೆಯನ್ನು ಸವರುತ್ತಿತ್ತೇ ಹೊರತು ಎಲ್ಲೂ ತಾಗಲಿಲ್ಲ. ತವರಿನ ಬೇವಿನ ಮರ ಕಂಡಿತು, ಬಾಗಿಲಲ್ಲಿ ನಿಂತ ತಮ್ಮನ ಹೆಂಡತಿಯೂ ಕಂಡಳು. ಅತ್ತೆ ಸೆರಗು ಸರಿಮಾಡಿಕೊಂಡಳು.

ಮಾವ ಕಾರು ನಿಲ್ಲಿಸಿಬಿಟ್ಟ. ಈ ಸಲ ನಾನು ಏನೂ ಮಾಡಿರಲಿಲ್ಲ, ಆಣೆಗೂ!

"ಇಳೀರಿ," ಎಂದ, ದನಿಯೇ ಇಲ್ಲದೆ.

"ಏನಂದ್ರಿ?" ಅತ್ತೆಯ ಮುಖ ಕೆಂಪಾಯಿತು. "ಈಗ? ಇಲ್ಲಿ? ಆಕಿ ನೋಡಾಕತ್ತಾಳ! ನಾನು ಇಳಿಯಂಗಿಲ್ಲ."

ಮಾವ ಬೆರಳು ತೋರಿಸಿದ. ಜಾಡಿನ ನಟ್ಟನಡುವೆ, ದಿಬ್ಬದ ಮೇಲೆ, ಒಂದು ಟಿಟ್ಟಿಭ ಹಕ್ಕಿ ಕೂತಿತ್ತು. ಅವನು ಇಳಿದು ಹತ್ತಿರ ಹೋಗಿದ್ದೇ ತಡ, ಚೀರುತ್ತ ಮೇಲೆದ್ದಿತು. ಕೆಳಗೆ ಮಣ್ಣಿನದೇ ಬಣ್ಣದ ಮೊಟ್ಟೆಗಳು. ಬಂಡಿಯ ಅಚ್ಚು ಎತ್ತರ, ಗಾಲಿಗಳು ಹಳ್ಳದಲ್ಲಿ. ದಿಬ್ಬದ ಮೇಲೆ ಯಾರೂ ಹಾಯುವುದಿಲ್ಲ ಎಂದು ಆ ಹಕ್ಕಿ ಲೆಕ್ಕ ಹಾಕಿತ್ತು. ನಮ್ಮ ಕಾರನ್ನು ಅದು ಲೆಕ್ಕಕ್ಕೆ ತಗೊಂಡಿರಲಿಲ್ಲ, ಪಾಪ. ಎರಡು ಕಡೆಯೂ ಜಾಲಿ ಬೇಲಿ, ಬಳಸಿ ಹೋಗಲು ದಾರಿಯಿಲ್ಲ.

ಮಾವ ಮಲಗಿ ಕಾರಿನ ಹೊಟ್ಟೆಗೆ ಗೇಣು ಹಾಕಿದ. "ನಾವು ಕುಂತ್ರ ತಾಗತೈತಿ. ಇಳಿದ್ರ ತಾಗಂಗಿಲ್ಲ." ಹೇಳಿದ್ದು ನನಗೆ, ನೋಡಿದ್ದು ಅತ್ತೆಯ ಕಡೆ.

ಅತ್ತೆ ಬೇವಿನ ಮರದ ಕಡೆಗೊಮ್ಮೆ ನೋಡಿದಳು. ಬಾಗಿಲು ತೆರೆದು ಇಳಿದಳು.

"ಬಿಸಿಲಾಗ ತತ್ತಿ ಸುಡ್ತಾವು, ಹಿಂದಕ್ಕ ಸರೀರಿ. ತಾಯಿ ಬರ್ಲಿ. ಇಂಜಿನ್ ಹಚ್ಚಬ್ಯಾಡ್ರಿ, ಮತ್ತ ಎದ್ದಾಳು."

ಹಕ್ಕಿ ತಿರುಗಿ ಬಂದು ಕೂತಿತು. ಮಾವ ಹೊರಗೆ ನಡೆಯುತ್ತಲೇ ಕಿಟಕಿಯಿಂದ ಸ್ಟೇರಿಂಗ್ ಹಿಡಿದ. ಹಿಂದಿನಿಂದ ನಾನು ಮತ್ತು ರೇಷ್ಮೆ ಸೀರೆಯ ಅತ್ತೆ ಉಸಿರು ಬಿಗಿಹಿಡಿದು ನೂಕಿದೆವು. ಕಾರು ಮೋಡದ ನೆರಳಿನ ಹಾಗೆ ಹಕ್ಕಿಯ ಮೇಲೆ ಹಾಯಿತು. ಅದು ತಲೆ ತಗ್ಗಿಸಿತು, ಏಳಲಿಲ್ಲ.

ಆಮೇಲೆ ಅತ್ತೆ ಕಾರು ಹತ್ತಲಿಲ್ಲ. ಉಳಿದಷ್ಟು ದೂರ ಮಾವನ ಪಕ್ಕದಲ್ಲಿ ನೂಕುತ್ತಲೇ ಬಂದಳು. ಬಾಗಿಲಲ್ಲಿ ಕಾಯುತ್ತಿದ್ದ ಮಾತು ಹೊರಬಿತ್ತು: "ಅಕ್ಕಾ, ಈ ಸಲ ನೂಕಿಕ್ಯಂತನ ಬಂದ್ರೇನು?"

"ಹೂಂ ನಮ್ಮವ್ವಾ. ಹಾದ್ಯಾಗ ಬಾಣಂತಿ ಇದ್ಲು."

ಸಂಜೆ ವಾಪಸಾಗುವಾಗ ಆ ಜಾಗ ಇನ್ನೂ ದೂರವಿರುವಾಗಲೇ ಅತ್ತೆ ಮಾವನ ತೋಳು ಮುಟ್ಟಿ ಕಾರು ನಿಲ್ಲಿಸಿದಳು. ಯಾರೂ ಹೇಳದೆಯೇ ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇಲಿಗೆ ಒತ್ತಿಕೊಂಡು ಮುಂದೆ ಹೋಗಿ, ಹಕ್ಕಿಯಿಂದ ಸ್ವಲ್ಪ ದೂರದಲ್ಲಿ ನಿಂತು ಮೆಲ್ಲಗೆ ಹೇಳಿದಳು:

"ನೀ ಕುಂದ್ರವ್ವಾ. ಏಳಬ್ಯಾಡ."